ರಿಕಾಯಿಲ್ ಸ್ಪ್ರಿಂಗ್ (ಪಿಸ್ತೂಲಿನದು)

ಗುಂಡು ಹಾರಿದಾಗ ಹಿಂದಕ್ಕೆ ಸರಿಯುವ ಸ್ಲೈಡನ್ನು ತಡೆದು ಮತ್ತೆ ಮುಂದಕ್ಕೆ ತಳ್ಳುವ ಸುರುಳಿ. ಕಡೂರು, ತರೀಕೆರೆ, ಅಜ್ಜಂಪುರ ಕಡೆ ಹಂದಿ ಕಾಟಕ್ಕೆಂದು ಲೈಸೆನ್ಸ್ ಪಡೆದು ಇಟ್ಟುಕೊಳ್ಳುವ ಒಂಟಿ, ಜೋಡಿ ನಳಿಗೆಯ ತೋಟಾ ಬಂದೂಕುಗಳಲ್ಲಿ ಇದು ಇರುವುದಿಲ್ಲ; ಆತ್ಮರಕ್ಷಣೆಯ .32 ಪಿಸ್ತೂಲುಗಳಲ್ಲಿದೆ. ಇನ್ನೂ ಬಿಗಿಯಾದ ಸ್ಪ್ರಿಂಗ್ ಹಾಕಿಸಿದರೆ ಪಿಸ್ತೂಲು ಸುಧಾರಿಸುತ್ತದೆಂಬ ನಂಬಿಕೆ ಬಹುಮಟ್ಟಿಗೆ ತಪ್ಪು. .32 ತೋಟಾದ ಬಲ ಕಡಿಮೆ. ಹೀಗಾಗಿ ಸ್ಪ್ರಿಂಗ್ ಬಿಗಿಯಾದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ, ಖಾಲಿ ತೋಟಾ ತಾನು ಹೊರಬೀಳುವ ಕಿಂಡಿಯಲ್ಲೇ ಕಚ್ಚಿಕೊಳ್ಳಬಹುದು. ಪ್ರಾಣ ಕಾಯಬೇಕಾದ ಹೊತ್ತಿನಲ್ಲಿ ಇದಕ್ಕಿಂತ ದೊಡ್ಡ ದೋಷವಿಲ್ಲ. ಹಳೆಯ ಸ್ಪ್ರಿಂಗ್ ಸೋತು ಗಿಡ್ಡವಾದಾಗ ಕಾರ್ಖಾನೆಯ ಅಳತೆಯದನ್ನೇ ಹಾಕಿಸುವುದು ಸಾರ್ಥಕ. 1959ರ ಶಸ್ತ್ರಾಸ್ತ್ರ ಕಾಯ್ದೆ ಕೊಡುವ ಶಸ್ತ್ರದ ವ್ಯಾಖ್ಯೆಯಲ್ಲಿ ಇಂಥ ಬಿಡಿಭಾಗಗಳೂ ಸೇರಿವೆ. ದುರಸ್ತಿ ಮಾಡುವ ಅಂಗಡಿಗೂ ಲೈಸೆನ್ಸ್ ಕಡ್ಡಾಯ.