ಜಪಾನಿನತ್ತ ಹೈದರಾಬಾದಿನ ದಾರಿ

ಹೈದರಾಬಾದಿನ ಅಮೀರ್‌ಪೇಟ್‌ಗೆ ಆ ಹೆಸರು ಬಂದದ್ದು ಪಾಯ್ಗಾ ಮನೆತನದ ಅಮೀರ್-ಎ-ಕಬೀರ್ ಫಕ್ರುದ್ದೀನ್ ಖಾನರಿಂದ. ನಿಜಾಮರ ಆಸ್ಥಾನದ ಹಿರಿಯ ಅಮೀರರಾಗಿದ್ದ ಅವರಿಗೆ ಗಣಿತ ಮತ್ತು ವಿಜ್ಞಾನಗಳಲ್ಲಿ ಅಪಾರ ಒಲವಿತ್ತು. 19ನೇ ಶತಮಾನದ ಮೊದಲರ್ಧದಲ್ಲೇ ಅವರು ಸ್ವಂತ ಖರ್ಚಿನಲ್ಲಿ ಮದರಸಾ ತೆರೆದರು, ಕಲ್ಲಚ್ಚಿನ ಮುದ್ರಣಾಲಯ ಇಟ್ಟರು, ಯುರೋಪಿನ ವಿಜ್ಞಾನಗ್ರಂಥಗಳನ್ನು ಉರ್ದುವಿಗೆ ಅನುವಾದ ಮಾಡಿಸಿದರು. ಅವುಗಳಲ್ಲಿ ‘ಸಿತ್ತಾ-ಎ-ಶಂಸಿಯಾ’ ಎಂಬ ಆರು ಪುಸ್ತಕಗಳ ಮಾಲೆ ಪ್ರಸಿದ್ಧ. ಹೊರನಾಡಿನ ವಿದ್ಯೆಯನ್ನು ಇಲ್ಲಿನ ಮಾತಿನಲ್ಲೇ ಕಲಿಯಬೇಕೆಂಬ ಈ ಹಂಬಲ ಮುಂದೆ ಹೈದರಾಬಾದ್ ಸಂಸ್ಥಾನದ ಶಿಕ್ಷಣ ನೀತಿಯಾಗಿಯೇ ಬೆಳೆಯಿತು. ಸಂಸ್ಥಾನದ ದೃಷ್ಟಿ ಜಪಾನಿನ ಮೇಲೆ ಬಿದ್ದದ್ದೂ ಇದೇ ಕಾರಣಕ್ಕೆ.

1917ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನು ಹೊರಟು ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ತಳಪಾಯ ಬಿತ್ತು. ಉರ್ದುವೇ ಅಲ್ಲಿನ ಬೋಧನಾ ಮಾಧ್ಯಮ. ಪಠ್ಯಪುಸ್ತಕಗಳಿಗಾಗಿ ‘ದಾರುಲ್ ತರ್ಜುಮಾ’ ಎಂಬ ಅನುವಾದ ಸಂಸ್ಥೆ ಹುಟ್ಟಿತು. ವೈದ್ಯಕೀಯ, ಎಂಜಿನಿಯರಿಂಗುಗಳಂಥ ವಿಷಯಗಳನ್ನು ಭಾರತೀಯ ಭಾಷೆಯೊಂದರಲ್ಲಿ ಕಲಿಸಲು ಸಾಧ್ಯವೇ ಎಂಬ ಸಂದೇಹ ಆಗ ಸಹಜವಾಗಿತ್ತು. ಅದಕ್ಕೆ ಏಷ್ಯಾದಲ್ಲಿ ಕಣ್ಣೆದುರಿಗಿದ್ದ ಉತ್ತರ ಜಪಾನ್. 1877ರಲ್ಲಿ ಸ್ಥಾಪನೆಯಾದ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಮೊದಲು ವಿದೇಶಿ ಪ್ರಾಧ್ಯಾಪಕರು ತಮ್ಮ ತಮ್ಮ ಭಾಷೆಗಳಲ್ಲೇ ಪಾಠ ಹೇಳುತ್ತಿದ್ದರು. ಹೊರದೇಶಗಳಲ್ಲಿ ಓದಿ ಮರಳಿದ ಜಪಾನೀಯರು ಕ್ರಮೇಣ ಆ ಪೀಠಗಳನ್ನು ವಹಿಸಿಕೊಂಡು ಜಪಾನೀ ಭಾಷೆಯಲ್ಲೇ ಕಲಿಸತೊಡಗಿದರು.

ಈ ಬದಲಾವಣೆಯನ್ನು ಕಣ್ಣಾರೆ ಕಾಣಲು ಸಂಸ್ಥಾನದ ವಿದ್ಯಾ ಇಲಾಖೆಯ ನಿರ್ದೇಶಕ ಸೈಯದ್ ರಾಸ್ ಮಸೂದ್ 1922ರಲ್ಲಿ ಜಪಾನಿಗೆ ಹೋದರು. ಅವರು ಸರ್ ಸೈಯದ್ ಅಹಮದ್ ಖಾನರ ಮೊಮ್ಮಗ, ಇ.ಎಂ. ಫಾರ್ಸ್ಟರ್ ತಮ್ಮ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಅರ್ಪಿಸಿದ್ದು ಅವರಿಗೇ. ಜಪಾನಿನ ಶಿಕ್ಷಣ ವ್ಯವಸ್ಥೆಯ ಕುರಿತು ಅವರು ಸಿದ್ಧಪಡಿಸಿದ ವರದಿ 1923ರಲ್ಲಿ ಪುಸ್ತಕವಾಗಿ ಅಚ್ಚಾಯಿತು. ದಕ್ಷಿಣ ಭಾರತದ ಸಂಸ್ಥಾನವೊಂದು ಜಪಾನಿನಿಂದ ಕಲಿಯಲು ನಡೆಸಿದ ಪ್ರಯತ್ನಗಳಲ್ಲಿ ಇದಕ್ಕೆ ದೊಡ್ಡ ಸ್ಥಾನ ಸಲ್ಲಬೇಕು. ಮುಂದೆ ಮೈಸೂರಿನ ದಿವಾನರಾದ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದಿದ್ದರು. ಆದರೆ ಮೈಸೂರು ಅಲ್ಲಿಂದ ಮುಖ್ಯವಾಗಿ ಕಲಿಯಬಯಸಿದ್ದು ಉದ್ಯಮವನ್ನು. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯ ಇಂಗ್ಲಿಷ್ ಮಾಧ್ಯಮದಲ್ಲೇ ಉಳಿಯಿತು. ಭಾಷೆಯ ವಿಷಯದಲ್ಲಿ ಜಪಾನಿನ ಮಾದರಿಯನ್ನು ಗಂಭೀರವಾಗಿ ಪರಿಶೀಲಿಸಿದ್ದು ಹೈದರಾಬಾದು.

ಆದರೆ ಅದು ಕಲಿತದ್ದು ಅರ್ಧ ಪಾಠ. ಜಪಾನಿನಲ್ಲಿ ವಿಶ್ವವಿದ್ಯಾಲಯದ ಭಾಷೆ ಜನರ ಭಾಷೆಯೂ ಆಗಿತ್ತು. ನಿಜಾಮರ ಪ್ರಜೆಗಳಲ್ಲಿ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ ಇಲ್ಲವೇ ಕನ್ನಡ. ಕಲಬುರಗಿ, ರಾಯಚೂರು, ಬೀದರಿನ ಕನ್ನಡ ಮಕ್ಕಳಿಗೆ ಉರ್ದು ಮಾಧ್ಯಮವೂ ಪರಭಾಷೆಯ ಮಾಧ್ಯಮವೇ. 1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿದ ಬಳಿಕ ಉಸ್ಮಾನಿಯಾದ ಬೋಧನೆ ಇಂಗ್ಲಿಷಿಗೆ ತಿರುಗಿತು.

ಜಪಾನಿನ ಕಲೆ ಈ ನಗರಕ್ಕೆ ಬಂದ ದಾರಿ ಬೇರೆ. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ (1889–1949) ಕೂಡಿಸಿದ ಸಂಗ್ರಹದಲ್ಲಿ ಜಪಾನಿನ ಪಿಂಗಾಣಿ, ಕಸೂತಿಯ ರೇಷ್ಮೆ, ದಂತದ ಕೆತ್ತನೆ, ಸಮುರಾಯ್ ಖಡ್ಗಗಳೂ ಇದ್ದವು. 1951ರಲ್ಲಿ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ತೆರೆದಾಗ ಅವು ಜನಸಾಮಾನ್ಯರ ಕಣ್ಣಿಗೂ ಬಿದ್ದವು. ಅಗಲವಾದ, ತಗ್ಗು ಪಾತ್ರೆಯಲ್ಲಿ ಹೂ ಜೋಡಿಸುವ ಓಹಾರಾ ಪಂಥದ ಇಕೆಬಾನಾಗೂ ನಗರದಲ್ಲಿ ಒಂದು ಶಾಖೆ ಇದೆ.

ಜಪಾನೀ ಭಾಷೆಯ ಕ್ರಮಬದ್ಧ ಅಧ್ಯಯನಕ್ಕೆ ನೆಲೆಯಾದದ್ದು 1958ರಲ್ಲಿ ಇಂಗ್ಲಿಷಿಗೆಂದೇ ಹುಟ್ಟಿದ ಕೇಂದ್ರ ಸಂಸ್ಥೆ. 1972ರಲ್ಲಿ ಅದರ ಹೆಸರಿಗೆ ವಿದೇಶಿ ಭಾಷೆಗಳೂ ಸೇರಿದವು. 2007ರಲ್ಲಿ ಅದು ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾಯಿತು. ಅಲ್ಲಿ ಜಪಾನೀ ಭಾಷೆಯಲ್ಲಿ ಪದವಿ ಪಡೆಯಬಹುದು. 2008ರಲ್ಲಿ ಆರಂಭವಾದ ಹೈದರಾಬಾದ್ ಐಐಟಿಗೆ ಜಪಾನ್ ಸಾಲದ ನೆರವು ಕೊಟ್ಟಿತು. ಕಂದಿಯಲ್ಲಿರುವ ಅದರ ಆವರಣದ ಕೆಲವು ಕಟ್ಟಡಗಳ ವಿನ್ಯಾಸದಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ತಜ್ಞರ ಕೈಯಿದೆ.

ಅಮೀರ್‌ಪೇಟ್ ಕೋಚಿಂಗ್ ಸೆಂಟರುಗಳ ಬಡಾವಣೆಯಾದದ್ದು 1990ರ ದಶಕದ ಸಾಫ್ಟ್‌ವೇರ್ ಅಲೆಯಲ್ಲಿ. ಮೈತ್ರಿವನಂ, ಆದಿತ್ಯ ಎನ್‌ಕ್ಲೇವ್ ಕಟ್ಟಡಗಳ ಸುತ್ತಮುತ್ತ ಕಂಪ್ಯೂಟರ್ ಕೋರ್ಸುಗಳು ತುಂಬಿಕೊಂಡವು. ಕಲಿಯಲು ಬಂದವರಿಗಾಗಿ ಹಾಸ್ಟೆಲುಗಳೂ ಎದ್ದವು. ಈ ಪೇಟೆಯಲ್ಲೇ ಜಪಾನೀ ಪಾಠವೂ ಸೇರಿಕೊಂಡಿತು. ಅಲ್ಲಿ ಕಲಿಕೆಯ ಅಳತೆಗೋಲು ಜಪಾನೀ ಭಾಷಾ ಪ್ರಾವೀಣ್ಯ ಪರೀಕ್ಷೆ. 1984ರಲ್ಲಿ ಶುರುವಾದ ಅದಕ್ಕೆ 2010ರಿಂದ ಐದು ಹಂತಗಳಿವೆ. ಎನ್5 ಮೊದಲ ಮೆಟ್ಟಿಲು, ಎನ್1 ಕೊನೆಯದು.

ಕಲಿಯುವವರು ಹಿರಗಾನ, ಕತಕಾನ ಎಂಬ ಎರಡು ಲಿಪಿಗಳಲ್ಲಿ ತಲಾ 46 ಮೂಲಾಕ್ಷರಗಳನ್ನು ರೂಢಿಸಿಕೊಳ್ಳಬೇಕು; ನಿತ್ಯ ಬಳಕೆಯವೆಂದು ಜಪಾನ್ ಸರ್ಕಾರ ಗುರುತಿಸಿದ, ಚೀನೀ ಮೂಲದ ಕಾಂಜಿ ಅಕ್ಷರಗಳು 2,136. ಕನ್ನಡಿಗರಿಗೂ ತೆಲುಗರಿಗೂ ಇಲ್ಲೊಂದು ಅನುಕೂಲವಿದೆ. ಬೌದ್ಧ ವಿದ್ವಾಂಸರು ಸಿದ್ಧಂ ಲಿಪಿಯ ಮೂಲಕ ಒಯ್ದ ಸಂಸ್ಕೃತ ವರ್ಣಕ್ರಮದ ಪ್ರಭಾವದಿಂದ ಜಪಾನೀ ಅಕ್ಷರಮಾಲೆಯ ಸಾಲುಗಳು ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತವೆ. ಕನ್ನಡ, ತೆಲುಗುಗಳಂತೆಯೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿಯ ಕೆಲಸ ಮಾಡುವ ಅವ್ಯಯಗಳು ನಾಮಪದದ ನಂತರ ನಿಲ್ಲುತ್ತವೆ, ಮರ್ಯಾದೆಯ ರೂಪಗಳೂ ಇವೆ. ಹೀಗಿದ್ದೂ ಬಹುತೇಕ ತರಗತಿಗಳಲ್ಲಿ ವ್ಯಾಕರಣದ ವಿವರಣೆ ನಡೆಯುವುದು ಇಂಗ್ಲಿಷಿನ ಮೂಲಕವೇ. ವಾಕ್ಯರಚನೆಯಲ್ಲಿ ಹತ್ತಿರವಿರುವ ಎರಡು ಭಾಷೆಗಳ ನಡುವೆ ದೂರದ ಮೂರನೆಯದನ್ನು ತಂದಿಟ್ಟು ಕಲಿಕೆಯನ್ನು ಕಷ್ಟಗೊಳಿಸುವ ಕ್ರಮವಿದು.

2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ‘ನಿರ್ದಿಷ್ಟ ಕೌಶಲದ ಕೆಲಸಗಾರ’ರ ಕುರಿತ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಈ ಪಾಠಗಳಿಗೆ ಹೊಸ ಬೇಡಿಕೆ ಬಂದಿದೆ. ಅಂಥ ಕೆಲಸಗಾರರಾಗಿ ಜಪಾನಿಗೆ ಹೋಗಲು ವೀಸಾ ಬೇಕಿದ್ದರೆ ಎನ್4 ಅಥವಾ ಅದಕ್ಕೆ ಸಮನಾದ ಭಾಷಾ ಪರೀಕ್ಷೆಯ ಜೊತೆಗೆ ಕೌಶಲ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ವೃದ್ಧರ ಆರೈಕೆಯ ಕೆಲಸಕ್ಕೆ ಆರೈಕೆಯ ಪರಿಭಾಷೆಯದೇ ಇನ್ನೊಂದು ಪರೀಕ್ಷೆ ಇದೆ. ತೆಲಂಗಾಣ ಸರ್ಕಾರದ ವಿದೇಶಿ ಉದ್ಯೋಗ ಸಂಸ್ಥೆಯಾದ ಟಾಮ್‌ಕಾಮ್ ಕೂಡ ನರ್ಸಿಂಗ್ ಓದಿದವರಿಗೆ ಜಪಾನೀ ಕಲಿಸಿ ಅಲ್ಲಿಗೆ ಕಳುಹಿಸುತ್ತಿದೆ.