ದೊಡ್ಡ ಏರ್‌ಪೋರ್ಟಿಗೆ ಸಣ್ಣ ವಿಮಾನ: ಹಕ್ಕು ಎಷ್ಟು, ಹೊಣೆ ಎಷ್ಟು?

ಮುಂಬೈಯಲ್ಲಿ ಗಲ್ಫ್ ವಿಮಾನ ಹತ್ತಿ, ಕಿಟಕಿ ಪಕ್ಕ ಕೂತು, ಟೇಕಾಫ್ ಸಾಲಿನಲ್ಲಿ ಕಾಯುತ್ತಿರುವಾಗ ನೀವು ಇದನ್ನು ಗಮನಿಸಿರಬಹುದು. ಇನ್ನೂರು, ಮುನ್ನೂರು ಜನರನ್ನು ಹೊತ್ತ ವಿಮಾನಗಳ ನಡುವೆ ಏಳೆಂಟು ಸೀಟಿನ ಒಂದು ಪುಟ್ಟ ಜೆಟ್ ತನ್ನ ಸರದಿಗಾಗಿ ನಿಂತಿರುತ್ತದೆ. ಅಮೆರಿಕದ ಕೆಲವು ದೊಡ್ಡ ಏರ್‌ಪೋರ್ಟ್‌ಗಳಲ್ಲಾದರೆ ನಾಲ್ಕೇ ಸೀಟಿನ, ಒಂದೇ ಇಂಜಿನ್‌ನ ಸೆಸ್ನಾ ಕೂಡ ಕಾಣಸಿಗುತ್ತದೆ. ಇಷ್ಟು ಚಿಕ್ಕದಕ್ಕೆ ಇಲ್ಲೇನು ಕೆಲಸ ಅಂತ ಅನ್ನಿಸೋದು ಸಹಜ.

ಪೈಲಟ್ ಆಗಬೇಕೆಂಬ ಕನಸು ಹೊತ್ತ ನಮ್ಮ ಯುವಕ ಯುವತಿಯರು ಈ ವಿಷಯವನ್ನು ತಿಳಿದಿರುವುದು ಒಳ್ಳೆಯದು. ತರಬೇತಿಗಾಗಿ ವಿದೇಶಕ್ಕೆ ಹೋದವರು ಕಲಿಯುವುದೇ ಇಂಥ ಸಣ್ಣ ವಿಮಾನಗಳಲ್ಲಿ. ದೊಡ್ಡ ಏರ್‌ಪೋರ್ಟಿನ ಆಕಾಶ ಅವರಿಗೆ ಬೇಗನೆ ಎದುರಾಗುತ್ತದೆ.

ಇಳಿಯಲು ಅವಕಾಶ ಇದೆಯಾ?

ಅಮೆರಿಕದಲ್ಲಿ ಇದೆ. ಅಲ್ಲಿ ಕೇಂದ್ರ ಸರಕಾರದ ಅನುದಾನ ಪಡೆದ ಏರ್‌ಪೋರ್ಟ್, ಅನ್ಯಾಯದ ತಾರತಮ್ಯ ಮಾಡದೆ ಎಲ್ಲ ಬಗೆಯ ವಿಮಾನಗಳಿಗೂ ತೆರೆದಿರಬೇಕು ಎಂಬ ಷರತ್ತಿದೆ. ಅತ್ಯಂತ ಬ್ಯುಸಿ ಏರ್‌ಪೋರ್ಟ್‌ಗಳ ಸುತ್ತಲಿನ ಆಕಾಶವನ್ನು ‘ಕ್ಲಾಸ್ ಬಿ’ ಎನ್ನುತ್ತಾರೆ. ರೇಡಿಯೋದಲ್ಲಿ ಮಾತಾಡಿದ ಮಾತ್ರಕ್ಕೆ ಅದರೊಳಗೆ ಹೋಗುವಂತಿಲ್ಲ. ಒಳಗೆ ಬರಲು ಅನುಮತಿ ಇದೆ ಎಂದು ಏರ್ ಟ್ರಾಫಿಕ್ ಕಂಟ್ರೋಲರ್ ಸ್ಪಷ್ಟವಾಗಿ ಹೇಳಲೇಬೇಕು. ವಿಮಾನದ ಎತ್ತರವನ್ನು ರಾಡಾರ್‌ಗೆ ತಿಳಿಸುವ ಟ್ರಾನ್ಸ್‌ಪಾಂಡರ್ ಇರಬೇಕು. 2020ರ ಜನವರಿಯಿಂದ ವಿಮಾನ ತಾನಿರುವ ಜಾಗವನ್ನು ತಾನೇ ಪ್ರಸಾರ ಮಾಡುವ ಎಡಿಎಸ್-ಬಿ ಸಾಧನವೂ ಕಡ್ಡಾಯವಾಗಿದೆ.

ಆದರೆ ಎಲ್ಲರಿಗೂ, ಎಲ್ಲ ಕಡೆಗೂ ಬಾಗಿಲು ತೆರೆದಿಲ್ಲ. ನ್ಯೂಯಾರ್ಕಿನ ಕೆನಡಿ, ಶಿಕಾಗೋದ ಓಹೇರ್, ಅಟ್ಲಾಂಟಾ, ಲಾಸ್ ಏಂಜಲೀಸ್ ಮುಂತಾದ ಕೆಲವು ಏರ್‌ಪೋರ್ಟ್‌ಗಳಲ್ಲಿ ವಿದ್ಯಾರ್ಥಿ ಪೈಲಟ್ ಒಬ್ಬನೇ ಇಳಿಯುವಂತಿಲ್ಲ, ಏರುವಂತಿಲ್ಲ. ಕನಿಷ್ಠ ಪ್ರೈವೇಟ್ ಪೈಲಟ್ ಲೈಸನ್ಸ್ ಬೇಕು. ವಾಷಿಂಗ್ಟನ್‌ನ ರೇಗನ್ ಏರ್‌ಪೋರ್ಟಂತೂ 2001ರ ದಾಳಿಯ ನಂತರ ಖಾಸಗಿ ವಿಮಾನಗಳಿಗೆ ಮುಚ್ಚಿಹೋಯಿತು. 2005ರಿಂದ ವಿಶೇಷ ಭದ್ರತಾ ಅನುಮತಿ ಪಡೆದ ಕೆಲವಕ್ಕೆ ಮಾತ್ರ ಅವಕಾಶ.

ನಮ್ಮ ದೇಶದಲ್ಲಿ ನಿಯಮ ಇನ್ನಷ್ಟು ಬಿಗಿ. ಫ್ಲೈಟ್ ಪ್ಲಾನ್ ಸಲ್ಲಿಸಿ, ವಾಯು ರಕ್ಷಣಾ ಅನುಮತಿಯ ನಂಬರ್ ಪಡೆದ ನಂತರವೇ ಹಾರಾಟ. ಮುಂಬೈಯಂಥ ಏರ್‌ಪೋರ್ಟಿನಲ್ಲಿ ಸಮಯವೂ ಸಿಗಬೇಕು. ಅಲ್ಲಿ ಎರಡು ರನ್‌ವೇಗಳಿದ್ದರೂ ಅವು ಒಂದನ್ನೊಂದು ಅಡ್ಡ ಹಾಯುತ್ತವೆ. ಹಾಗಾಗಿ ಒಂದು ಹೊತ್ತಿಗೆ ಬಳಕೆಗೆ ಸಿಗುವುದು ಒಂದೇ. 2024ರ ಆರಂಭದಲ್ಲಿ ವಿಮಾನಗಳ ಸಾಲು ಆಕಾಶದಲ್ಲೇ ಸುತ್ತು ಹಾಕುವಂತಾದಾಗ, ಅತಿ ಬ್ಯುಸಿ ಹೊತ್ತಿನ ಹಾರಾಟವನ್ನು ಗಂಟೆಗೆ 46ರಿಂದ 44ಕ್ಕೆ ಇಳಿಸುವಂತೆ ಸರಕಾರ ಸೂಚಿಸಿತು. ಜೊತೆಗೆ ಆ ಹೊತ್ತಿನಲ್ಲಿ ಖಾಸಗಿ ವಿಮಾನಗಳಿಗೂ ಕಡಿವಾಣ ಬಿತ್ತು.

ವೇಗದ ಲೆಕ್ಕ

ಸಣ್ಣ ವಿಮಾನ ಜಾಗ ತಿನ್ನುವುದಿಲ್ಲ ನಿಜ, ಆದರೆ ಸಮಯ ತಿನ್ನುತ್ತದೆ. ಬೋಯಿಂಗ್ 737 ಇಳಿಯುವಾಗ ಸುಮಾರು 140 ನಾಟ್ ವೇಗದಲ್ಲಿರುತ್ತದೆ. ಸೆಸ್ನಾ 172 ಸಾಮಾನ್ಯವಾಗಿ ಇಳಿಯುವುದು ಸುಮಾರು 65 ನಾಟ್‌ನಲ್ಲಿ. ಕೊನೆಯ ಐದು ನಾಟಿಕಲ್ ಮೈಲು ದಾಟಲು ಬೋಯಿಂಗ್‌ಗೆ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಸೆಸ್ನಾಗೆ ನಾಲ್ಕೂವರೆ ನಿಮಿಷ ದಾಟುತ್ತದೆ. ಹೈವೇಯಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳ ಸಾಲಿನ ಮುಂದೆ ಸೈಕಲ್ ಹೋದ ಹಾಗೆ. ಬಸ್ಸಾದರೆ ಬ್ರೇಕ್ ಹಾಕಿ ನಿಲ್ಲಬಹುದು, ವಿಮಾನ ಆಕಾಶದಲ್ಲಿ ನಿಲ್ಲುವುದಿಲ್ಲ.

ಆದ್ದರಿಂದ ಕಂಟ್ರೋಲರ್ ಸಣ್ಣ ವಿಮಾನದವರಿಗೆ ‘ವೇಗ ಇಳಿಸಬೇಡಿ’ ಎಂದು ಹೇಳುವುದು ಸಾಮಾನ್ಯ. ಅನುಭವಿ ಪೈಲಟ್ 100 ನಾಟ್ ಆಸುಪಾಸಿನಲ್ಲೇ ಬಂದು, ರನ್‌ವೇ ಹತ್ತಿರವಾದಾಗ ಮಾತ್ರ ವೇಗ ತಗ್ಗಿಸುತ್ತಾನೆ. ದೊಡ್ಡ ಏರ್‌ಪೋರ್ಟಿನ ರನ್‌ವೇ ಎರಡು, ಮೂರು ಕಿಲೋಮೀಟರ್ ಉದ್ದ ಇರುವುದರಿಂದ ಇದು ಸಾಧ್ಯ. ಆದರೆ ಅಭ್ಯಾಸವಿಲ್ಲದವರು ಇದನ್ನು ಮೊದಲ ಸಲ ಅಲ್ಲೇ ಪ್ರಯತ್ನಿಸಬಾರದು. ಇನ್‌ಸ್ಟ್ರಕ್ಟರ್ ಜೊತೆ ಬೇರೆ ಕಡೆ ಕಲಿತಿರಬೇಕು.

ಕಣ್ಣಿಗೆ ಕಾಣದ ಸುಳಿ

ಕಡಲಿನಲ್ಲಿ ದೊಡ್ಡ ಟ್ರಾಲ್ ಬೋಟ್ ಹಾದುಹೋದ ಮೇಲೆ ಹಿಂದಿರುವ ಸಣ್ಣ ದೋಣಿ ಹೇಗೆ ಓಲಾಡುತ್ತದೆಂದು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ಆಕಾಶದಲ್ಲೂ ಹಾಗೆಯೇ. ದೊಡ್ಡ ವಿಮಾನದ ಎರಡೂ ರೆಕ್ಕೆಗಳ ತುದಿಯಿಂದ ಗಾಳಿಯ ಬಲವಾದ ಸುಳಿಗಳು ಹೊರಡುತ್ತವೆ. ಇವು ನಿಮಿಷಕ್ಕೆ 300ರಿಂದ 500 ಅಡಿಯಂತೆ ಕೆಳಗಿಳಿಯುತ್ತವೆ. ಅದರೊಳಗೆ ಸಿಕ್ಕಿದ ಸಣ್ಣ ವಿಮಾನ ಮಗುಚಿ ಬೀಳಬಹುದು. ಹಾಗೆಂದು ಸುಳಿ ಇರುವುದು ಬಿರುಗಾಳಿಯಲ್ಲಿ ಅಂದುಕೊಳ್ಳಬೇಡಿ. ಗಾಳಿ ಶಾಂತವಾಗಿದ್ದಾಗಲೇ ಅದು ಹೆಚ್ಚು ಹೊತ್ತು ಉಳಿಯುತ್ತದೆ.

1993ರ ಡಿಸೆಂಬರ್ 15ರಂದು ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಬೋಯಿಂಗ್ 757ರ ಹಿಂದೆ ಇಳಿಯಲು ಬರುತ್ತಿದ್ದ ಒಂದು ಸಣ್ಣ ವೆಸ್ಟ್‌ವಿಂಡ್ ಜೆಟ್ ಇಂಥ ಸುಳಿಗೆ ಸಿಕ್ಕಿ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಐವರೂ ಸತ್ತರು. ಆ ಬಳಿಕ 757ರ ಹಿಂದೆ ಬಿಡಬೇಕಾದ ಅಂತರವನ್ನು ಹೆಚ್ಚಿಸಲಾಯಿತು.

ಅಂತಾರಾಷ್ಟ್ರೀಯ ನಿಯಮದಂತೆ ಹಗುರ ವಿಮಾನವು ಮಧ್ಯಮ ತೂಕದ ವಿಮಾನದ ಹಿಂದೆ 5 ನಾಟಿಕಲ್ ಮೈಲು, ಭಾರೀ ವಿಮಾನದ ಹಿಂದೆ 6, ಎ380 ಹಿಂದೆ 8 ಮೈಲು ದೂರ ಇರಬೇಕು. ಮಾಮೂಲಿ ರಾಡಾರ್ ಅಂತರ 3 ಮೈಲು. ಅಂದರೆ ಆ ಖಾಲಿ ಜಾಗದಲ್ಲಿ ಇನ್ನೊಂದು ಪ್ರಯಾಣಿಕ ವಿಮಾನ ಇಳಿಯಬಹುದಿತ್ತು. ಪೈಲಟ್ ತಾನೂ ಎಚ್ಚರ ವಹಿಸಬೇಕು. ಮುಂದಿನ ವಿಮಾನ ಬಂದ ದಾರಿಗಿಂತ ಮೇಲೆಯೇ ಬರಬೇಕು, ಅದು ನೆಲ ಮುಟ್ಟಿದ ಜಾಗವನ್ನು ದಾಟಿ ಇಳಿಯಬೇಕು. ಏರುವಾಗ, ಅದು ನೆಲ ಬಿಟ್ಟ ಜಾಗಕ್ಕಿಂತ ಮೊದಲೇ ಮೇಲೇಳಬೇಕು.

ಪ್ರಾಣ ತೆತ್ತು ಕಲಿತ ಪಾಠಗಳು

ಈ ನಿಯಮಗಳು ಸುಮ್ಮನೆ ಬಂದದ್ದಲ್ಲ. 1978ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯಾಗೋದಲ್ಲಿ ಇಳಿಯಲು ಬರುತ್ತಿದ್ದ ಪಿಎಸ್ಎ ಕಂಪೆನಿಯ ಬೋಯಿಂಗ್ 727, ತರಬೇತಿಯಲ್ಲಿದ್ದ ಸೆಸ್ನಾ 172ಕ್ಕೆ ಡಿಕ್ಕಿ ಹೊಡೆಯಿತು. ಸೆಸ್ನಾ ಕಾಣಿಸುತ್ತಿದೆ ಎಂದು ಬೋಯಿಂಗ್‌ನವರು ಹೇಳಿದ್ದರು. ಆಮೇಲೆ ಅದು ಅವರ ಕಣ್ಣಿನಿಂದ ತಪ್ಪಿಹೋಯಿತು, ಆ ಮಾತು ಟವರ್‌ಗೆ ಸರಿಯಾಗಿ ಮುಟ್ಟಲಿಲ್ಲ. ಸತ್ತವರು 144 ಮಂದಿ. ಅವರಲ್ಲಿ ಏಳು ಮಂದಿ ನೆಲದ ಮೇಲಿದ್ದವರು.

1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್‌ಗೆ ಇಳಿಯಲಿದ್ದ ಏರೋಮೆಕ್ಸಿಕೋ ಡಿಸಿ-9 ವಿಮಾನಕ್ಕೂ ಒಂದು ಸಣ್ಣ ಪೈಪರ್ ವಿಮಾನಕ್ಕೂ ಸೆರಿಟೋಸ್ ಊರಿನ ಮೇಲೆ ಡಿಕ್ಕಿಯಾಯಿತು. ಪೈಪರ್ ಅನುಮತಿ ಇಲ್ಲದೆ ನಿರ್ಬಂಧಿತ ಆಕಾಶದೊಳಗೆ ಹೋಗಿತ್ತು. ಎತ್ತರ ತಿಳಿಸುವ ಸಾಧನವೂ ಅದರಲ್ಲಿರಲಿಲ್ಲ. 82 ಜೀವಗಳು ಹೋದವು, ಅದರಲ್ಲಿ 15 ಮಂದಿ ತಮ್ಮ ಮನೆಯಂಗಳದಲ್ಲಿ, ಬೀದಿಯಲ್ಲಿ ಇದ್ದವರು. ಬ್ಯುಸಿ ಏರ್‌ಪೋರ್ಟಿನ ಸುತ್ತ 30 ಮೈಲಿನೊಳಗೆ ಎತ್ತರ ತಿಳಿಸುವ ಟ್ರಾನ್ಸ್‌ಪಾಂಡರ್ ಬೇಕೆಂಬ ನಿಯಮ, ಪ್ರಯಾಣಿಕ ವಿಮಾನಗಳಲ್ಲಿ ಡಿಕ್ಕಿ ತಪ್ಪಿಸುವ ಟಿಸಿಎಎಸ್ ಯಂತ್ರ ಇರಲೇಬೇಕೆಂಬ ನಿಯಮ, ಎರಡೂ ಬಿಗಿಯಾದದ್ದು ಇದರ ನಂತರ. ಭಾರತದಲ್ಲಿ ಈ ಯಂತ್ರ ಕಡ್ಡಾಯವಾಗಲು 1996ರ ನವೆಂಬರ್ 12ರಂದು ಹರ್ಯಾಣದ ಚರ್ಖಿ ದಾದ್ರಿಯಲ್ಲಿ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸಾಯಬೇಕಾಯಿತು. ಅವುಗಳಲ್ಲಿ ಒಂದು ದಿಲ್ಲಿಯಿಂದ ಸೌದಿಗೆ ಹೊರಟಿದ್ದ ವಿಮಾನ ಎಂಬುದು ಗಲ್ಫಿಗೆ ಹೋಗಿ ಬರುವ ಹಿರಿಯರಿಗೆ ಇನ್ನೂ ನೆನಪಿರಬಹುದು.

ನೆಲದ ಮೇಲೂ ದಾರಿ ತಪ್ಪಬಹುದು

ಇಳಿದ ಮೇಲೆ ಮುಗಿಯಿತು ಅಂದುಕೊಂಡರೆ ತಪ್ಪು. 2001ರ ಅಕ್ಟೋಬರ್ 8, ಇಟಲಿಯ ಮಿಲಾನ್ ನಗರದ ಲಿನಾಟೆ ಏರ್‌ಪೋರ್ಟ್. ದಟ್ಟ ಮಂಜು. ನಾಲ್ವರಿದ್ದ ಒಂದು ಸೆಸ್ನಾ ಸೈಟೇಶನ್ ಜೆಟ್ ಆರ್5 ಎಂಬ ಟ್ಯಾಕ್ಸಿವೇಯಲ್ಲಿ ಹೋಗಬೇಕಿತ್ತು, ತಪ್ಪಿ ಆರ್6ಕ್ಕೆ ಹೊರಳಿತು. ಆ ದಾರಿ ನೇರ ರನ್‌ವೇಗೆ ಅಡ್ಡವಾಗಿ ಹೋಗುತ್ತಿತ್ತು. ಅದೇ ಕ್ಷಣ ಎಸ್ಎಎಸ್ ಕಂಪೆನಿಯ ಎಂಡಿ-87 ವಿಮಾನ ಟೇಕಾಫ್ ಓಟದಲ್ಲಿತ್ತು. ಎರಡೂ ವಿಮಾನಗಳಲ್ಲಿದ್ದ 114 ಮಂದಿ, ಲಗೇಜ್ ಕಟ್ಟಡದಲ್ಲಿ ಕೆಲಸದಲ್ಲಿದ್ದ ನಾಲ್ವರು, ಒಟ್ಟು 118 ಜನ ಸತ್ತರು.

ತಪ್ಪು ಪೈಲಟ್‌ಗಳದ್ದು ಮಾತ್ರವೇ? ಅಲ್ಲ. ಟ್ಯಾಕ್ಸಿವೇ ಫಲಕಗಳು ಸರಿ ಇರಲಿಲ್ಲ, ನೆಲದ ರಾಡಾರ್ ಬಳಕೆಯಲ್ಲಿರಲಿಲ್ಲ. ಪೈಲಟ್ ತಾನು ‘ಎಸ್4’ ಗುರುತಿನ ಬಳಿ ಇದ್ದೇನೆ ಎಂದು ರೇಡಿಯೋದಲ್ಲಿ ಹೇಳಿದ್ದರು. ಆದರೆ ಆ ಗುರುತು ಎಲ್ಲಿದೆ ಎಂಬುದೇ ಕಂಟ್ರೋಲರ್‌ಗೆ ಗೊತ್ತಿರಲಿಲ್ಲ. ಇಬ್ಬರಲ್ಲಿ ಒಬ್ಬರು ‘ಸ್ವಲ್ಪ ನಿಲ್ಲಿ, ನನಗೆ ಅರ್ಥ ಆಗಿಲ್ಲ’ ಎಂದಿದ್ದರೆ ಆ ಜೆಟ್ ರನ್‌ವೇ ಮುಟ್ಟುವ ಮೊದಲೇ ನಿಲ್ಲುತ್ತಿತ್ತೇನೋ.

ಜೀವ ಹೋಗದಿದ್ದರೂ ತೊಂದರೆ ದೊಡ್ಡದೇ. 2023ರ ಸೆಪ್ಟೆಂಬರ್ 14ರಂದು ಜೋರು ಮಳೆಯಲ್ಲಿ ಎಂಟು ಮಂದಿಯಿದ್ದ ಒಂದು ಲಿಯರ್‌ಜೆಟ್ ಮುಂಬೈ ರನ್‌ವೇಯಿಂದ ಜಾರಿತು. ಎಲ್ಲರೂ ಬದುಕಿದರು. ಆದರೆ ಅಷ್ಟು ಹೊತ್ತು ಏರ್‌ಪೋರ್ಟ್ ನಿಂತುಹೋಗಿ, ಬೇರೆ ವಿಮಾನಗಳು ಬೇರೆ ಊರುಗಳಿಗೆ ತಿರುಗಬೇಕಾಯಿತು.

ರನ್‌ವೇ ಯಾರದ್ದು?

ಹಾಗಾದ್ರೆ ಸಣ್ಣ ವಿಮಾನಗಳನ್ನು ಹೊರಗಿಟ್ಟರೆ ಮುಗೀತಲ್ಲ ಎನ್ನುವವರಿದ್ದಾರೆ. ಅದು ಅಷ್ಟು ಸುಲಭವಲ್ಲ. 1968ರಲ್ಲಿ ನ್ಯೂಯಾರ್ಕ್ ಪ್ರದೇಶದ ಏರ್‌ಪೋರ್ಟ್‌ಗಳು ಬ್ಯುಸಿ ಹೊತ್ತಿನಲ್ಲಿ ಸಣ್ಣ ವಿಮಾನಗಳ ಕನಿಷ್ಠ ಶುಲ್ಕವನ್ನು 5 ಡಾಲರ್‌ನಿಂದ 25ಕ್ಕೆ ಏರಿಸಿದವು. ಆ ಹೊತ್ತಿಗೆ ಬರುವ ಸಣ್ಣ ವಿಮಾನಗಳು ಕಡಿಮೆಯಾದವು. 1988ರಲ್ಲಿ ಬೋಸ್ಟನ್‌ನ ಲೋಗನ್ ಏರ್‌ಪೋರ್ಟ್ ಸಣ್ಣ ವಿಮಾನಗಳ ಶುಲ್ಕವನ್ನು ಹೆಚ್ಚಿಸಿದಾಗ ಮಾತ್ರ ಅಮೆರಿಕದ ಸಾರಿಗೆ ಇಲಾಖೆ ಅದನ್ನು ಅನ್ಯಾಯದ ತಾರತಮ್ಯ ಎಂದಿತು, ಮರುವರ್ಷ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸಾರ್ವಜನಿಕ ಹಣದ ರನ್‌ವೇ ದೊಡ್ಡ ಕಂಪೆನಿಗಳಿಗೆ ಮಾತ್ರ ಸೇರಿದ್ದಲ್ಲ ಎಂಬ ವಾದಕ್ಕೆ ಅಲ್ಲಿ ಬೆಲೆ ಸಿಕ್ಕಿತು.

ಹೆಚ್ಚಿನ ನಗರಗಳು ಕಂಡುಕೊಂಡ ದಾರಿ ಎಂದರೆ ಪಕ್ಕದಲ್ಲಿ ಇನ್ನೊಂದು ಏರ್‌ಪೋರ್ಟ್. ನ್ಯೂಯಾರ್ಕಿಗೆ ಟೆಟರ್‌ಬರೋ, ಲಂಡನ್‌ಗೆ ಫಾರ್ನ್‌ಬರೋ ಮತ್ತು ಬಿಗಿನ್ ಹಿಲ್, ಅಬುಧಾಬಿಗೆ ಅಲ್ ಬತೀನ್. ಹೀಗೆ ಬದಲಿ ಜಾಗ ಕೊಟ್ಟರೆ ಸಣ್ಣ ವಿಮಾನಗಳೂ ಉಳಿಯುತ್ತವೆ, ದೊಡ್ಡ ಏರ್‌ಪೋರ್ಟಿನ ಸಾಲೂ ಕರಗುತ್ತದೆ.

ಕಲಿಯಲು ಹೊರಟವರಿಗೆ

ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸನ್ಸ್‌ಗೆ 200 ಗಂಟೆಗಳ ಹಾರಾಟ ಬೇಕು. ವಿದೇಶದಲ್ಲಿ ಹಾರಿ ಬಂದವರು ಇಲ್ಲಿ ಡಿಜಿಸಿಎಯಿಂದ ಲೈಸನ್ಸ್ ಪರಿವರ್ತಿಸಿಕೊಳ್ಳಬೇಕು. ಈ ಗಂಟೆಗಳ ನಡುವೆ ದೊಡ್ಡ ಏರ್‌ಪೋರ್ಟಿಗೆ ಹೋಗುವ ಅವಕಾಶ ಸಿಕ್ಕರೆ ಕೆಲವು ವಿಷಯ ನೆನಪಿರಲಿ.

ಹಿಂದಿನ ರಾತ್ರಿಯೇ ಟ್ಯಾಕ್ಸಿವೇ ನಕ್ಷೆ ಓದಿ, ಇಳಿದ ಮೇಲೆ ಎಲ್ಲಿ ತಿರುಗಬೇಕೆಂದು ಗುರುತು ಹಾಕಿಕೊಳ್ಳಿ. ಕರೆ ಮಾಡುವ ಮೊದಲು ಹವಾಮಾನ ಪ್ರಸಾರ ಕೇಳಿರಿ. ನೀವು ಯಾರು, ಎಲ್ಲಿದ್ದೀರಿ, ಏನು ಬೇಕು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ. ಕಂಟ್ರೋಲರ್ ಹೇಳಿದ ರನ್‌ವೇ ನಂಬರ್, ‘ನಿಲ್ಲಿ’ ಎಂಬ ಆದೇಶ, ಎರಡನ್ನೂ ತಿರುಗಿ ಓದಿ ಹೇಳಿ. ಜಾಗ ಹೊಸದಾಗಿದ್ದರೆ ‘ಪ್ರೊಗ್ರೆಸಿವ್ ಟ್ಯಾಕ್ಸಿ’ ಕೇಳಿ. ಆಗ ಒಂದೊಂದು ತಿರುವನ್ನೂ ಅವರೇ ಹೇಳಿಕೊಡುತ್ತಾರೆ. ಸಾಧ್ಯವಾಗದ್ದನ್ನು ಹೇಳಿದರೆ ‘ಅನೇಬಲ್’ ಎನ್ನಿ. ಈ ಒಂದು ಶಬ್ದ ಹೇಳುವ ಹಕ್ಕು ಸಣ್ಣ ವಿಮಾನದವರಿಗೂ ಪೂರ್ತಿಯಾಗಿ ಇದೆ.

ಗೊತ್ತಿಲ್ಲ ಎಂದು ಹೇಳಿದರೆ ಮಾನ ಹೋಗುತ್ತದೆ ಅಂತ ನಮ್ಮಲ್ಲಿ ಎಷ್ಟೋ ಮಕ್ಕಳು ಕ್ಲಾಸಿನಲ್ಲೂ ಕೈ ಎತ್ತುವುದಿಲ್ಲ. ಕಾಕ್‌ಪಿಟ್‌ಗೆ ಹೋಗುವ ಮೊದಲೇ ಆ ಅಭ್ಯಾಸ ಬಿಡಬೇಕು. ರೇಡಿಯೋದಲ್ಲಿ ಇನ್ನೊಮ್ಮೆ ಕೇಳಿದರೆ ಹೋಗುವುದು ಹತ್ತು ಸೆಕೆಂಡ್. ಕೇಳದೆ ಇದ್ದರೆ ಏನಾಗಬಹುದೆಂದು ಲಿನಾಟೆ ತೋರಿಸಿದೆ.