ಚೌಳು ಮಣ್ಣು, ಬೆಣಚುಕಲ್ಲು ಮತ್ತು ಹೆಸರಿಲ್ಲದ ಗುರುಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದರೆ ನಮಗೆ ನೆನಪಾಗುವುದು ಕೋಟೆ, ಕಡಲೆಕಾಯಿ ಮತ್ತು ಬರ. ಈ ಸೀಮೆಯ ತಗ್ಗುಗಳಲ್ಲಿ ಬೇಸಿಗೆ ಬಂದರೆ ನೆಲದ ಮೇಲೆ ಬಿಳಿಯ ಪುಡಿ ಏಳುತ್ತದೆ. ಅದೇ ಚೌಳು. ರೈತನಿಗೆ ಅದು ಬೇಡದ ಮಣ್ಣು. ಅಗಸರು ಮಾತ್ರ ಬಟ್ಟೆ ಒಗೆಯಲು ಅದನ್ನು ಕೆರೆದು ತರುತ್ತಿದ್ದರು. ಇದೇ ಮಣ್ಣಿನಿಂದ ಗಾಜು ಆಗುತ್ತಿತ್ತು ಎಂದು ನಾನು ಮೊದಲು ಓದಿದ್ದು ಫ್ರಾನ್ಸಿಸ್ ಬುಕನನ್‌ನ ಪ್ರವಾಸ ಕಥನದಲ್ಲಿ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಈ ವೈದ್ಯ ಮೈಸೂರು ರಾಜ್ಯವನ್ನು ಸುತ್ತಲು ಹೊರಟ. ಮಧುಗಿರಿಯ ಸುತ್ತ ಉಕ್ಕು ಕರಗಿಸುವವರನ್ನು ಕಂಡ. ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ, ಹಸಿರೆಲೆ ಇಟ್ಟು, ಮಣ್ಣಿನ ಮೂಸೆಯ ಬಾಯಿ ಮುಚ್ಚಿ ಕಾಯಿಸುವ ಕ್ರಮವನ್ನು ಬರೆದುಕೊಂಡ. ಶಿರಾದಿಂದ ಪಶ್ಚಿಮಕ್ಕೆ, ಈಗ ಹೊಸದುರ್ಗ ತಾಲ್ಲೂಕಿಗೆ ಸೇರಿದ ಮತ್ತೋಡಿನಲ್ಲಿ ಅವನು ಕಂಡದ್ದು ಗಾಜಿನ ಕುಲುಮೆಗಳನ್ನು. ಅವು ಊರ ಗೋಡೆಯ ಒಳಮೈಗೆ ಒತ್ತಿ ಕಟ್ಟಿದ ಗುಮ್ಮಟದಂಥ ಒಲೆಗಳು.

ಕೆಲಸಕ್ಕೆ ಬೇಕಾದದ್ದೆಲ್ಲ ಸುತ್ತಲೇ ಇತ್ತು. ಬೆಣಚುಕಲ್ಲನ್ನು ಪುಡಿ ಮಾಡಬೇಕು; ಅದು ಒಂದೇ ಆದರೆ ಒಲೆಯ ಕಾವಿಗೆ ಕರಗದು. ಚೌಳಿನಲ್ಲಿರುವ ಸೋಡಾ ಸೇರಿದಾಗ ಕಡಿಮೆ ಕಾವಿಗೇ ಕರಗುತ್ತದೆ. ತಾಮ್ರ ಬಿದ್ದರೆ ಹಸಿರು. ಕರಗಿದ ಗಾಜಿನ ಒಂದು ಮುದ್ದೆಯನ್ನು ಸಲಾಕಿಯ ತುದಿಗೆ ಎತ್ತಿ, ಚುಚ್ಚಿ, ತಿರುಗಿಸಿ ಉಂಗುರ ಮಾಡಿ, ಗೋಪುರದಾಕಾರದ ಮಣ್ಣಿನ ಅಚ್ಚಿನ ಮೇಲೆ ಹಿಗ್ಗಿಸಿದರೆ ಬೆಸುಗೆಯಿಲ್ಲದ ಬಳೆ. ಗಾಜು ಆರುವುದರೊಳಗೆ ಎಲ್ಲ ಮುಗಿಯಬೇಕು. ಇದನ್ನು ಪುಸ್ತಕ ಕಲಿಸಲಾರದು. ಅಪ್ಪನ ಪಕ್ಕ ಕೂತ ಮಗ ಕೈಯಿಂದಲೇ ಕಲಿಯಬೇಕು.

ಬುಕನನ್ ಸಾಮಗ್ರಿಗಳನ್ನು ಬರೆದ, ಒಲೆಯ ಅಳತೆ ಬರೆದ. ಬಳೆ ಮಾಡಿದವರ ಹೆಸರು ಬರೆಯಲಿಲ್ಲ.

ಇಂದು 'ಗಾಜಿನ ಕಲಾವಿದ' ಎಂದರೆ ಹೆಸರು, ಪ್ರದರ್ಶನ, ಶಿಷ್ಯರು ಎಲ್ಲವೂ ಇರುತ್ತವೆ. ಈ ಕಲ್ಪನೆಗೆ ಬಲ ಬಂದದ್ದು 1962ರಲ್ಲಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕುಂಬಾರಿಕೆ ಕಲಿಸುತ್ತಿದ್ದ ಹಾರ್ವೆ ಲಿಟಲ್‌ಟನ್, ಟೊಲಿಡೊ ಕಲಾ ಸಂಗ್ರಹಾಲಯದಲ್ಲಿ ಎರಡು ಕಮ್ಮಟ ನಡೆಸಿ, ಕಾರ್ಖಾನೆಯ ಹೊರಗೆ ಸಣ್ಣ ಕುಲುಮೆಯಲ್ಲೂ ಗಾಜು ಮಾಡಬಹುದೆಂದು ತೋರಿಸಿದ. ಅವನ ಶಿಷ್ಯ ಡೇಲ್ ಚಿಹೂಲಿ ಜಗತ್ಪ್ರಸಿದ್ಧನಾದ. ಲಿಟಲ್‌ಟನ್‌ನ ಸಾಧನೆಯನ್ನು ನಾನು ಕಿರಿದು ಮಾಡುತ್ತಿಲ್ಲ. ಆದರೆ ಸಣ್ಣ ಕುಲುಮೆ ಮತ್ತೋಡಿಗೆ ಹೊಸತಾಗಿರಲಿಲ್ಲ. ಕಮ್ಮಟ ಎಂಬ ಪದ ಬಳಸದೆಯೇ ಅಲ್ಲಿ ಪಾಠ ನಡೆಯುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆಸ್ಟ್ರಿಯಾದಿಂದ ಅಗ್ಗದ ಬಳೆಗಳು ಹಡಗಿನಲ್ಲಿ ಬಂದವು. ಆಮೇಲೆ ಫಿರೋಜಾಬಾದಿನ ಕಾರ್ಖಾನೆಗಳ ಬಳೆಗಳು. ಬಳೆಗಾರನ ಮಲಾರದಲ್ಲಿ ಬಳೆ ಕಡಿಮೆಯಾಗಲಿಲ್ಲ, ಆದ್ದರಿಂದ ತೊಡುವವರಿಗೆ ಕುಲುಮೆ ಆರಿದ್ದು ತಿಳಿಯಲೂ ಇಲ್ಲ. ನಮ್ಮ ಜನಪದದಲ್ಲಿ ಬಳೆ ಮಾರುವವನಿಗೆ ಹಾಡಿದೆ. ಬಳೆ ಮಾಡಿದವನನ್ನು ಹುಡುಕಿದರೆ ಸಿಗುವುದು ಒಬ್ಬ ಪರದೇಶಿಯ ಬರಹ ಮಾತ್ರ.

ಕಲೆಯ ಚರಿತ್ರೆಯನ್ನು ಹೆಸರಿದ್ದವರಿಂದಲೇ ಶುರು ಮಾಡಿದರೆ ಈ ಸೀಮೆಗೆ ಅದರಲ್ಲಿ ಒಂದು ಸಾಲೂ ಸಿಗದು. ಮಣ್ಣಿನಿಂದ ಶುರು ಮಾಡಿದರೆ ಒಂದು ಅಧ್ಯಾಯವೇ ಇದೆ. ಚೌಳು ಈಗಲೂ ಪ್ರತಿ ಬೇಸಿಗೆ ಏಳುತ್ತದೆ. ಅದನ್ನು ಗಾಜು ಮಾಡುವ ಕೈ ಮಾತ್ರ ಇಲ್ಲ.